ಮಾತನಾಡುವ ಪಾಟಿ

ರೋಣ, ನರಗುಂದ, ಗಜೇಂದ್ರಗಡದ ನಮ್ಮ ಸೀಮೆಯಲ್ಲಿ ಅಕ್ಷರಾಭ್ಯಾಸದ ಸಾಮಗ್ರಿ ಬಹುಕಾಲ ಎರಡೇ ಆಗಿತ್ತು: ಒಂದು ಪಾಟಿ, ಇನ್ನೊಂದು ಅಂಕಲಿಪಿ. ಅದಕ್ಕೂ ಹಿಂದೆ ಗಾಂವಠಿ ಶಾಲೆಗಳಲ್ಲಿ ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ತಿದ್ದಿಸುತ್ತಿದ್ದರು. ಧೂಳಿಗೆ ಬೆಲೆಯಿಲ್ಲ, ಪಾಟಿಯಾದರೂ ಒಮ್ಮೆ ಕೊಂಡರೆ ಅಣ್ಣನಿಂದ ತಂಗಿಗೆ ಬರುತ್ತಿತ್ತು. ಅಂಗೈಯಲ್ಲಿ ಹಿಡಿಯುವ ಅಗ್ಗದ ಗಣಕಯಂತ್ರದಿಂದ ಎಳೆಯರಿಗೆ ಓದು ಕಲಿಸುವ ವಿಚಾರವನ್ನು ಈ ಪಾಟಿಯ ವಂಶಾವಳಿಯಲ್ಲಿಟ್ಟು ನೋಡಬೇಕೆಂಬುದು ನನ್ನ ಅಪೇಕ್ಷೆ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಮೂರು ದಶಕ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನ ಮಾತುಗಳೆಂದೇ ತಾವು ಇವನ್ನು ಕೇಳಬೇಕು.

ಇಂಥ ಯಂತ್ರವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತ್ತೆಂಬುದು ಈಗ ಅನೇಕರಿಗೆ ಮರೆತುಹೋಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಎಂಬ ಸಂಸ್ಥೆಯವರೊಡಗೂಡಿ 2001ರಲ್ಲಿ ‘ಸಿಂಪ್ಯೂಟರ್’ ಎಂಬುದನ್ನು ಲೋಕದ ಮುಂದಿಟ್ಟರು. ಬೆಲೆ 9,000 ರೂಪಾಯಿಗಳ ಆಸುಪಾಸಿನಲ್ಲಿರಬೇಕು, ಓದುಬಾರದವನೂ ಬಳಸುವಂತಿರಬೇಕು ಎಂಬುದು ಅವರ ಸಂಕಲ್ಪ. ಕಡ್ಡಿಯಿಂದ ತೆರೆಯನ್ನು ಮುಟ್ಟಿದರೆ ಬರೆಹವನ್ನು ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು. ಅದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಇನ್ನೊಂದು ಯೋಚನೆ. ಯಂತ್ರ ಊರಿಗೆಲ್ಲ ಸೇರಿ ಒಂದಿದ್ದರೂ ಸಾಕು. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಕಾರ್ಡು. ಕಾರ್ಡನ್ನು ತೂರಿಸಿದರೆ ಯಂತ್ರ ಆ ಹೊತ್ತಿಗೆ ಅವರದಾಗುತ್ತದೆ. ಬಾವಿ ಎಲ್ಲರದು, ಕೊಡ ಅವರವರದು ಎನ್ನುವ ಹಳ್ಳಿಯ ಲೆಕ್ಕ ಅದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ 9,950 ರೂಪಾಯಿ. ಮಾರಾಟವಾದದ್ದು ಬಹಳ ಕಡಿಮೆ. ಕಾಲೇಜು ವಿದ್ಯಾರ್ಥಿಗಳಿಗೆಂದು 2011ರಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಇನ್ನೂ ಅಗ್ಗವಾಗಿದ್ದೂ ಬಹುಕಾಲ ಬಾಳಲಿಲ್ಲ.

ಅಷ್ಟರಲ್ಲಿ ಕೈಫೋನು ಬಂದು ಆ ಜಾಗವನ್ನು ಹಿಡಿಯಿತು. ಆದರೆ ಫೋನು ಊರಿನ ಬಾವಿಯಲ್ಲ, ತಂದೆಯ ಕಿಸೆಯ ಸೊತ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಇದರ ಅರ್ಥ ನಮಗೆಲ್ಲ ಆಯಿತು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯವರು ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಗುಳೆ ಹೋಗುತ್ತಾರೆ. ಫೋನು ಅವರೊಂದಿಗೇ ಹೋಗುತ್ತದೆ, ಮಗು ಅಜ್ಜಿಯ ಬಳಿ ಉಳಿಯುತ್ತದೆ. ಮಗುವೂ ಜೊತೆಗೆ ಹೋದರೆ ಶಾಲೆ ಹಿಂದೆ ಉಳಿಯುತ್ತದೆ. ಮಗುವಿನ ಓದು ಎಲ್ಲಿಗೆ ಬಂದು ನಿಂತಿದೆಯೆಂಬುದನ್ನು ಬರೆದಿಟ್ಟುಕೊಂಡ ಕಾರ್ಡೊಂದು ಕೊರಳಲ್ಲಿದ್ದರೆ ಗೋವೆಯ ಕೆಲಸದ ನೆಲೆಯಲ್ಲಿಯೂ ಅಲ್ಲಿಂದಲೇ ಮುಂದುವರಿಯಬಹುದಿತ್ತಲ್ಲ! ಈ ಯೋಚನೆಯನ್ನು ಕೈಬಿಟ್ಟದ್ದು ನನಗೆ ಯಂತ್ರ ನಿಂತುಹೋದದ್ದಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಇನ್ನು ಕಲಿಸಬೇಕಾದ ವಸ್ತುವಿಗೆ ಬರೋಣ. ನಮ್ಮ ವರ್ಣಮಾಲೆಯ 49 ಅಕ್ಷರಗಳನ್ನು ಕಲಿತರೆ ಓದು ಬಂತೆಂದು ತಿಳಿಯುವುದುಂಟು. 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಬರೆದರೆ 510 ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೆಯ ತರಗತಿಯ ತನಕವೂ ಬೆಳೆಯುತ್ತಲೇ ಇರುತ್ತದೆಂದು ಮನಶ್ಶಾಸ್ತ್ರಜ್ಞೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ‘ಶಕ್ತಿ’ ಎಂಬ ಶಬ್ದವನ್ನೇ ನೋಡಿರಿ. ಕಣ್ಣಿಗೆ ಮೊದಲು ಕಾಣುವುದು ಗುಡಿಸು ಹೊತ್ತ ‘ಕಿ’, ಅದರ ಕೆಳಗೆ ತಕಾರದ ಒತ್ತು. ಕಿವಿಗೆ ಕೇಳುವುದಾದರೋ ಕ್, ತ್, ಆಮೇಲೆ ಇಕಾರ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಯಕಾರದ ನಂತರ ಕುಳಿತು, ಅದಕ್ಕಿಂತ ಮೊದಲು ಉಚ್ಚಾರವಾಗುತ್ತದೆ. ಹೀಗೆ ಕಣ್ಣಿನ ಕ್ರಮವೂ ಕಿವಿಯ ಕ್ರಮವೂ ಅಗಲುವ ಕಡೆ ಮಗು ಎಡವುತ್ತದೆ. ಪಾಟಿ ಇದನ್ನು ತೋರಿಸಲಾರದು, ಅಚ್ಚಾದ ಪುಸ್ತಕವೂ ತೋರಿಸಲಾರದು. ಧ್ವನಿ ಹೊರಡುತ್ತಿದ್ದಂತೆ ಆಯಾ ಭಾಗ ಬೆಳಗುವ ತೆರೆ ತೋರಿಸಬಲ್ಲದು; ನೂರು ಸಲ ಕೇಳಿದರೂ ಬೇಸರಿಸದೆ ತೋರಿಸಬಲ್ಲದು. ಐದು ತರಗತಿಗಳನ್ನು ಇಬ್ಬರೇ ನಡೆಸುವ ಶಾಲೆಯಲ್ಲಿ ಇದು ಸಣ್ಣ ನೆರವಲ್ಲ.

ಹಾಗೆಂದು ಯಂತ್ರಕ್ಕೆ ನಾನು ಪೂರ್ತಿ ಮಾರುಹೋದವನಲ್ಲ. ಗಜೇಂದ್ರಗಡದ ನೇಕಾರರ ಮನೆಯೊಂದರಲ್ಲಿ ಎರಡನೆಯ ತರಗತಿಯ ಹುಡುಗಿ ತಾಯಿಯ ಫೋನು ಹಿಡಿದು ಓದು ಕಲಿಯುತ್ತಿದ್ದಳು. ತೆರೆಯ ಮೇಲೆ ‘ಮನೆ’ ಎಂದಿತ್ತು. ಅವಳು ‘ಮನಿ’ ಎಂದಳು, ಯಂತ್ರ ಒಪ್ಪಲಿಲ್ಲ. ಮತ್ತೆ ‘ಮನಿ’ ಎಂದಳು. ಮತ್ತೆ ಕೆಂಪು ಗುರುತು. ಮೂರನೆಯ ಸಲ ಯಾರನ್ನೋ ಅಣಕಿಸುವವಳಂತೆ ಬಾಯಿ ಅಗಲಿಸಿ ‘ಮನೆ’ ಎಂದಳು; ಹಸಿರು ಗುರುತು ಬಂತು. “ಅಜ್ಜಾರ, ಇದಕ್ಕ ನಮ್ಮ ಮಾತ ತಿಳಿಯಂಗಿಲ್ರಿ” ಎಂದು ನಕ್ಕಳು. ಆಕೆ ಚೂಟಿ, ನಕ್ಕಳು. ಅಂಜುಬುರುಕ ಮಗು ಮೂರನೆಯ ಸಲ ಬಾಯಿಯನ್ನೇ ತೆರೆಯುವುದಿಲ್ಲ.

ಆ ಹುಡುಗಿ ತಪ್ಪು ಓದಿರಲಿಲ್ಲ. ಪದದ ಕೊನೆಯ ಎಕಾರ ನಮ್ಮ ಸೀಮೆಯ ಬಾಯಲ್ಲಿ ಇಕಾರವಾಗುತ್ತದೆ. ಮನೆ ಮನಿ, ಶಾಲೆ ಸಾಲಿ. ‘ಮನೆ’ಯನ್ನು ‘ಮಣಿ’ ಎಂದು ಓದಿದ್ದರೆ ಅಕ್ಷರ ತಿಳಿಯಲಿಲ್ಲವೆಂದು ತಿದ್ದಬೇಕು. ‘ಮನಿ’ ಎಂದವಳಿಗೆ ಅಕ್ಷರವೂ ತಿಳಿದಿದೆ, ಅರ್ಥವೂ ತಿಳಿದಿದೆ. ನಮ್ಮ ಊರ ಅಕ್ಕೋರು ಈ ಎರಡರ ಭೇದವನ್ನು ಕ್ಷಣದಲ್ಲಿ ಅರಿಯುತ್ತಾರೆ. ಯಂತ್ರಕ್ಕೆ ಅದನ್ನು ಯಾರಾದರೂ ಹೇಳಿಕೊಡಬೇಕು.

ಹೇಳಿಕೊಡುವುದು ಅಸಾಧ್ಯವೇನಲ್ಲ. ಇಂದಿನ ಯಂತ್ರಗಳು ಸಾವಿರಾರು ಜನರ ದನಿ ಕೇಳಿಯೇ ಕಿವಿಯನ್ನು ಪಳಗಿಸಿಕೊಳ್ಳುತ್ತವೆ. ಸಿಂಪ್ಯೂಟರಿನ ತವರಾದ ಆ ವಿಜ್ಞಾನ ಸಂಸ್ಥೆಯೇ ದೇಶದ ಜಿಲ್ಲೆಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ ‘ವಾಣಿ’ ಎಂಬ ಯೋಜನೆಯಲ್ಲಿ ಪಾಲುಗೊಂಡಿದೆ. ಆದರೆ ತೊದಲುತ್ತ, ತಡೆಯುತ್ತ, ಅಕ್ಷರ ಕೂಡಿಸುತ್ತ ಓದುವ ಏಳು ವರ್ಷದ ಮಗುವಿನ ದನಿಯೇ ಬೇರೆ. ತಂದೆತಾಯಿಗಳ ಒಪ್ಪಿಗೆ ಪಡೆದು ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಅಂಥ ದನಿಗಳನ್ನು ಕೂಡಿಹಾಕಬೇಕು. ಯಂತ್ರ ಮಗುವಿಗೆ ಹೇಳಿಕೊಡುವ ದನಿಯೂ ಇಲ್ಲಿಯದೇ ಆಗಿರಲಿ. 510 ಗುಣಿತಗಳನ್ನೂ ಕೆಲವು ನೂರು ಶಬ್ದಗಳನ್ನೂ ಓದಿ ಮುದ್ರಿಸಲು ರೋಣದ ಒಬ್ಬ ಅಕ್ಕೋರಿಗೆ ಒಂದು ಬೇಸಗೆ ರಜೆ ಧಾರಾಳವಾಗಿ ಸಾಕು.