ಗಾಳಿ ಬೀಸ್ತಿದ್ರೂ ಫ್ಯಾನ್ ಯಾಕೆ ನಿಂತಿದೆ?

ಹೊಸನಗರದಿಂದ ಮಾತಾಡ್ತಾ ಇದ್ದೀನಿ. ಹೊರಗೆ ಮಳೆ ಜೋರಿದೆ, ಹಂಚಿನ ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ತಿಂಗಳು ಅಪ್ಪನ ಜೊತೆ ಚಿತ್ರದುರ್ಗಕ್ಕೆ ಹೋಗಿದ್ದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು. ಬಸ್ಸಿಂದ ಇಳಿದ್ರೆ ಹೆಗಲ ಮೇಲಿನ ಟವೆಲ್ ಹಾರುವಷ್ಟು ಗಾಳಿ. ಆದ್ರೂ ಮೂರ್ನಾಲ್ಕು ಫ್ಯಾನ್ ಸುಮ್ಮನೆ ನಿಂತಿದ್ವು. "ಕೋಟಿಗಟ್ಟಲೆ ಸುರಿದು ಹಾಳು ಬಿಟ್ಟಿದಾರೆ ನೋಡು" ಅಂದ್ರು ಅಪ್ಪ. ನಾನೂ ಹೂಂ ಅಂದೆ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು, ಇಬ್ಬರೂ ದುಡುಕಿದ್ವಿ ಅಂತ.

ಮೊದಲು ಸುಲಭದ ಕಾರಣಗಳು. ಗಾಳಿ ಗಂಟೆಗೆ ಸುಮಾರು 11 ಕಿಲೋಮೀಟರ್‌ಗಿಂತ ಕಡಿಮೆ ಇದ್ರೆ ಕರೆಂಟ್ ಹುಟ್ಟೋದಿಲ್ಲ. 90 ದಾಟಿದ್ರೆ ಯಂತ್ರ ತಾನಾಗೇ ರೆಕ್ಕೆಗಳನ್ನ ತಿರುಗಿಸ್ಕೊಂಡು ನಿಲ್ಲುತ್ತೆ, ಇಲ್ಲಾಂದ್ರೆ ಮುರಿಯುತ್ತೆ. ಗಾಳಿಯ ವೇಗ ಅರ್ಧ ಆದ್ರೆ ಸಿಗೋ ಶಕ್ತಿ ಅರ್ಧ ಅಲ್ಲ, ಎಂಟನೇ ಒಂದು ಭಾಗ! ಹಾಗಾಗಿ ಒಂದೇ ಗುಡ್ಡದಲ್ಲಿ ಒಂದು ಓಡ್ತಾ, ಪಕ್ಕದ್ದು ನಿಂತಿರಬಹುದು. ಇನ್ನು ರಿಪೇರಿ, ಸರ್ವೀಸ್ ಇದ್ದೇ ಇದೆ. ಗಾಳಿ ಬಂದ ಕಡೆ ಮುಖ ತಿರುಗಿಸಿ ತಿರುಗಿಸಿ ಒಳಗಿನ ಕೇಬಲ್ ಹುರಿಯಾಗಿರುತ್ತೆ. ಅದನ್ನ ಬಿಚ್ಚೋಕೂ ಒಮ್ಮೆ ನಿಲ್ಲಬೇಕು.

ಆದ್ರೆ ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು ಕಾರಣ. ಗಾಳಿ ಚೆನ್ನಾಗಿದೆ, ಯಂತ್ರವೂ ಸರಿ ಇದೆ, ಆದ್ರೂ "ನಿಲ್ಲಿಸಿ" ಅಂತ ಸೂಚನೆ ಬರುತ್ತೆ. ಯಾಕಂದ್ರೆ ಕರೆಂಟನ್ನ ಅಡಿಕೆ ಥರ ಮೂಟೆ ಕಟ್ಟಿ ಅಟ್ಟದಲ್ಲಿ ಇಡೋಕಾಗಲ್ಲ. ಹುಟ್ಟಿದ ಕ್ಷಣವೇ ಯಾರಾದ್ರೂ ಬಳಸಬೇಕು. ಹೆಚ್ಚಾದ್ರೆ ಗ್ರಿಡ್ಡಿನ 50 ಹರ್ಟ್ಸ್ ಲೆಕ್ಕ ತಪ್ಪುತ್ತೆ, ಸಾಗಿಸೋ ಲೈನುಗಳೂ ತಾಳಲ್ಲ. ನಮ್ಮಲ್ಲಿ ಗಾಳಿ ಜೋರಾಗಿ ಬೀಸೋದೇ ಮುಂಗಾರಲ್ಲಿ. ಅದೇ ಹೊತ್ತಿಗೆ ಮಳೆ ಬಿದ್ದು ಬಯಲುಸೀಮೆ ಪಂಪ್‌ಸೆಟ್ ನಿಂತಿರುತ್ವೆ, ಡ್ಯಾಮುಗಳು ತುಂಬ್ತಿರುತ್ವೆ. ಅಂದ್ರೆ ಮಾಲು ಜಾಸ್ತಿ, ಗಿರಾಕಿ ಕಡಿಮೆ. ಮೊದಲು ಕಲ್ಲಿದ್ದಲು ಘಟಕಗಳನ್ನ ತಗ್ಗಿಸ್ತಾರೆ. ಅದೂ ಸಾಲದಿದ್ರೆ ಫ್ಯಾನಿಗೆ ರಜೆ.

ನಾನು ಬಿ.ಕಾಂ. ಓದಿದವನು, ನನ್ನ ಭಾಷೇಲಿ ಹೇಳ್ತೀನಿ. ಗಾಳಿ ಕರೆಂಟು ದಿನಗೂಲಿ, ಅವತ್ತಿಂದು ಅವತ್ತೇ ಖರ್ಚು. ನಮ್ಮ ಲಿಂಗನಮಕ್ಕಿ ಎಫ್‌ಡಿ. ಮಳೆಗಾಲದಲ್ಲಿ ಇಟ್ಟಿದ್ದನ್ನ ಬೇಸಿಗೆಯಲ್ಲಿ ತೆಗೀಬಹುದು. ಆ ಎಫ್‌ಡಿಗೆ ಅಸಲು ಯಾರದ್ದು? 1964ರಲ್ಲಿ ಡ್ಯಾಮ್ ಮುಗಿದಾಗ ಹೊಸನಗರ, ಸಾಗರ ತಾಲ್ಲೂಕಿನ ಊರೂರೇ ಮುಳುಗಿದ್ವು. ಗದ್ದೆ, ತೋಟ, ದೇವಸ್ಥಾನ ಎಲ್ಲ ಬಿಟ್ಟು ಜನ ಎದ್ದು ಹೋದ್ರು.

ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಕೇಳಿರ್ತೀರಿ. 2000 ಮೆಗಾವಾಟ್‌ದು. ಕರೆಂಟು ಹೆಚ್ಚಾದಾಗ ಗೇರುಸೊಪ್ಪದ ನೀರನ್ನ ತಳಕಳಲೆಗೆ ಎತ್ತೋದು, ಬೇಕಾದಾಗ ಕೆಳಗೆ ಬಿಟ್ಟು ವಾಪಸ್ ಪಡೆಯೋದು. ಎತ್ತೋಕೆ ಖರ್ಚಾದಷ್ಟು ಪೂರ್ತಿ ವಾಪಸ್ ಬರಲ್ಲ. ಆದ್ರೂ ನಿಂತ ಫ್ಯಾನು ಮತ್ತೆ ತಿರುಗೋಕೆ ಇದೊಂದು ದಾರಿ ಅನ್ನೋದು ಸುಳ್ಳಲ್ಲ. ಜಾಗ ಮಾತ್ರ ಸಿಂಗಳೀಕಗಳಿರೋ ಶರಾವತಿ ಕಣಿವೆಯ ಕಾಡು. ಜನ ವಿರೋಧಿಸ್ತಿರೋದೂ ಅದಕ್ಕೇ.

ಬ್ಯಾಟರಿ ಇಡಬಹುದು, ಲೈನು ಹೆಚ್ಚಿಸಬಹುದು, ಹಗಲು ಕರೆಂಟು ಜಾಸ್ತಿ ಇರೋ ಹೊತ್ತಲ್ಲೇ ಪಂಪ್‌ಸೆಟ್ ಓಡಿಸಬಹುದು. ಎಲ್ಲದಕ್ಕೂ ದುಡ್ಡು ಬೇಕು. ಆದ್ರೆ ಕಾಡಿಗೂ ಒಂದು ಬೆಲೆ ಬರೆದು ಆಮೇಲೆ ಲೆಕ್ಕ ಕೂಡಿಸಿ ಅಂತ ನನ್ನ ಮಾತು. ಆ ಕಾಲಂ ಖಾಲಿ ಬಿಟ್ರೆ ಯಾವ ಯೋಜನೆಯಾದ್ರೂ ಲಾಭದಲ್ಲೇ ಕಾಣುತ್ತೆ.

ಅಪ್ಪನಿಗೆ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅಲ್ಲಿ ಫ್ಯಾನ್ ನಿಂತ್ರೆ ಇಲ್ಲಿ ನಮ್ಮ ಕಾಡು ಅಲ್ಲಾಡುತ್ತೆ ಅನ್ನು" ಅಂದ್ರು. ನಿಮಗೇನನ್ಸುತ್ತೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.