ಕೀಲಿ ಕೊಟ್ಟ ವಾಚು, ಸೆಲ್ಲು ಹಾಕಿದ ವಾಚು

ಬೆಂಗಳೂರಿನ ಲಾಲ್‌ಬಾಗಿನ ಹೂಗಡಿಯಾರವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದನ್ನು ಕಟ್ಟಿಕೊಟ್ಟದ್ದು ಎಚ್‌ಎಂಟಿ. ಇಡೀ ಊರಿಗೆ ಗಂಟೆ ಎಷ್ಟೆಂದು ಹೇಳುವ ಧೈರ್ಯ ಆ ಕಾರ್ಖಾನೆಗಿತ್ತು. ಆ ಧೈರ್ಯ ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು ಅನ್ನುವುದೇ ಇವತ್ತಿನ ಮಾತು.

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗ ಅಲ್ಲಿ ಮಾಡುತ್ತಿದ್ದದ್ದು ಲೇತು, ಮಿಲ್ಲಿಂಗ್ ಯಂತ್ರ, ಇಂಥವು. ವಾಚು ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿದು. ಮೊದಲ ಕಂತನ್ನು ಬಿಡುಗಡೆ ಮಾಡಿದ್ದು ನೆಹರೂ. ಆಮೇಲಿನದು ನಿಮಗೆ ಗೊತ್ತೇ ಇದೆ: ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್. ಅಂಧರು ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಮಾಡಿದರು. ಅಳಿಯನಿಗೆ ಮಾವ ಕೊಡಿಸುವುದು, ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ ಅಪ್ಪ ಕಟ್ಟುವುದು, ನಿವೃತ್ತರಾದ ಮೇಷ್ಟರಿಗೆ ಸಹೋದ್ಯೋಗಿಗಳು ಹಾರದ ಜೊತೆ ಕೊಡುವುದು, ಎಲ್ಲ ಎಚ್‌ಎಂಟಿಯೇ. ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳೆದ್ದವು. ಒಟ್ಟು ತಯಾರಾದ ವಾಚುಗಳು 10 ಕೋಟಿಯನ್ನೂ ಮೀರಿದವು.

ಜನತಾ ವಾಚಿನ ಹಿಂದಿನ ಮುಚ್ಚಳ ತೆಗೆಸಿ ಒಮ್ಮೆ ನೋಡಿ. ಒಳಗೆ ಒಂದು ಪುಟ್ಟ ಚಕ್ರ ಆ ಕಡೆ ಈ ಕಡೆ ಓಲಾಡುತ್ತಿರುತ್ತದೆ, ಸೆಕೆಂಡಿಗೆ 5 ಸಲ. ಅದನ್ನು ಹಿಡಿದೆಳೆಯುವುದು ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗು. ಹಲ್ಲುಗಾಲಿಗಳ ಅಚ್ಚು ಸವೆಯದಿರಲಿ ಅಂತ ಕೂರಿಸಿದ ಕೆಂಪು ಕಲ್ಲುಗಳು 17. ಬೆಳಿಗ್ಗೆ ಕೀಲಿ ಕೊಟ್ಟರೆ ಮರುದಿನದವರೆಗೂ ನಡೆಯುತ್ತದೆ. ಇಂಥದ್ದನ್ನು ಜಾಲಹಳ್ಳಿಯ ಹೆಣ್ಣುಮಕ್ಕಳು ಚಿಮಟ ಹಿಡಿದು ಜೋಡಿಸುತ್ತಿದ್ದರು. ಇದನ್ನು ಕಂಡರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅಷ್ಟರಲ್ಲಿ ಲೋಕ ಬೇರೆ ಕಡೆ ಹೊರಳಿತ್ತು. 1969ರ ಕ್ರಿಸ್‌ಮಸ್ ದಿನ ಟೋಕಿಯೋದಲ್ಲಿ ಸೀಕೋ ಕಂಪನಿ ಆಸ್ಟ್ರಾನ್ ಅನ್ನುವ, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಬೆಲೆ ನಾಲ್ಕೂವರೆ ಲಕ್ಷ ಯೆನ್, ಅಂದರೆ ಒಂದು ಸಣ್ಣ ಕಾರಿನಷ್ಟು! ಕೆಲವೇ ವರ್ಷಗಳಲ್ಲಿ ಆ ಬೆಲೆ ಜರ್ರನೆ ಇಳಿಯಿತು. ಇವತ್ತಿನ ಮಾಮೂಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಮ್ಮ ಜನತಾದ 5 ಎಲ್ಲಿ, ಇದೆಲ್ಲಿ? ತಮಾಷೆ ಕೇಳಿ, ಸ್ವಿಸ್ಸರು 1967ರಲ್ಲೇ ಇಂಥ ವಾಚಿನ ಮಾದರಿ ಮಾಡಿದ್ದರು. ಆದರೂ ತಮ್ಮ ಸ್ಪ್ರಿಂಗು, ಹಲ್ಲುಗಾಲಿಗಳ ಮೇಲಿನ ಮೋಹ ಬಿಡಲಾರದೆ ಪೆಟ್ಟು ತಿಂದರು.

ಎಚ್‌ಎಂಟಿಯ ಕಥೆಯೂ ಹಾಗೇ. ‘ಸರ್ಕಾರಿ ಕಂಪನಿ, ನಿದ್ದೆ ಮಾಡಿತು’ ಅಂತ ಷರಾ ಬರೆದು ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು. 1980ರ ದಶಕದ ಆರಂಭದಲ್ಲೇ ಎಚ್‌ಎಂಟಿಯವರು ಕ್ವಾರ್ಟ್ಜ್ ವಾಚು ತಂದಿದ್ದರು. ಆದರೆ ಅದನ್ನು ನೆಚ್ಚಿಕೊಳ್ಳಲಿಲ್ಲ. ಹಳ್ಳಿಗಾಡಿನಲ್ಲಿ ಸೆಲ್ಲು ಎಲ್ಲಿ ಸಿಗಬೇಕು, ಅಷ್ಟು ದುಡ್ಡು ಯಾರು ಕೊಡಬೇಕು ಅನ್ನುವುದು ಆ ಕಾಲಕ್ಕೆ ನ್ಯಾಯವಾದ ಪ್ರಶ್ನೆಯೇ. ಜೊತೆಗೆ ಸ್ಪ್ರಿಂಗಿನಿಂದ ಹಿಡಿದು ಸ್ಕ್ರೂವರೆಗೆ ಎಲ್ಲವನ್ನೂ ತಾವೇ ಮಾಡುವ ಯಂತ್ರಗಳು, ಅದಕ್ಕೆ ಪಳಗಿದ ಸಾವಿರಾರು ಕೈಗಳು ಅಲ್ಲಿದ್ದವು. ಭತ್ತ ಕುಟ್ಟುವುದರಲ್ಲಿ ಹೆಸರಾದವರ ಮನೆ ಎದುರಿಗೇ ರೈಸ್‌ಮಿಲ್ಲು ಬಂದಂತಾಯಿತು. ಒನಕೆ ಬಿಡಲು ಮನಸ್ಸು ಬರುವುದು ಹೇಗೆ?

ಈಗ ಹೊಸೂರಿಗೆ ಹೋಗೋಣ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್, ಗಡಿ ದಾಟಿದರೆ ತಮಿಳುನಾಡು. 1984ರಲ್ಲಿ ಟಾಟಾದವರೂ ಅಲ್ಲಿನ ಸರ್ಕಾರದ ಟಿಡ್ಕೊ ನಿಗಮವೂ ಸೇರಿ ಟೈಟನ್ ಕಟ್ಟಿದರು. ಅದರ ಚುಕ್ಕಾಣಿ ಹಿಡಿದವರು ಝೆರ್ಕ್ಸಿಸ್ ದೇಸಾಯಿ. ಆಕ್ಸ್‌ಫರ್ಡಿನಲ್ಲಿ ಓದಿ, ಟಾಟಾ ಪ್ರೆಸ್ ನೋಡಿಕೊಳ್ಳುತ್ತಿದ್ದ ಮನುಷ್ಯ. ವಾಚಿನ ಕಸುಬೇ ಗೊತ್ತಿಲ್ಲದವರು. ಅದೇ ಒಳ್ಳೆಯದಾಯಿತು ಅನ್ನುತ್ತೇನೆ ನಾನು, ಮೋಹಿಸಲು ಅವರಿಗೆ ಹಳೆಯ ಯಂತ್ರಗಳಿರಲಿಲ್ಲ. ಕ್ವಾರ್ಟ್ಜ್ ಹಿಡಿದರು. ಗಂಟೆ ನೋಡಲು ಜನರ ಹತ್ತಿರ ವಾಚು ಇದ್ದೇ ಇದೆ, ಇನ್ನು ಚೆಂದಕ್ಕೆ ಕೊಳ್ಳುತ್ತಾರೆ, ಉಡುಗೊರೆಗೆ ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುತ್ತಿದ್ದ ವಾಚನ್ನು ದೀಪ ಹಾಕಿದ ಶೋರೂಮಿಗೆ ತಂದರು. ಮೊದಲನೆಯದು ನಮ್ಮ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲೇ, 1987ರಲ್ಲಿ. ಟಿವಿಯಲ್ಲಿ ಟೈಟನ್ ಜಾಹೀರಾತಿನ ಆ ಸಂಗೀತ ಬರುತ್ತಿತ್ತಲ್ಲ, ಅದು ಮೊಜಾರ್ಟನ 25ನೇ ಸಿಂಫನಿಯದು. ಮೊಜಾರ್ಟ್ ಯಾರೆಂದೇ ಕೇಳದವರೂ ಅದನ್ನು ಗುನುಗಿದರು.

ಕೆಲಸಕ್ಕೆ ಜನರನ್ನು ಹುಡುಕಿದ ಬಗೆ ನನಗೆ ಇನ್ನೂ ಇಷ್ಟ. ಹಳ್ಳಿ, ಸಣ್ಣ ಊರುಗಳ ಶಾಲೆಗಳಿಗೆ ಹೋಗಿ, ಆಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದರು. ಮನೆ ಬಿಟ್ಟು ಗೊತ್ತಿಲ್ಲದ ಮಕ್ಕಳು. ಅಪ್ಪ ಅಮ್ಮನ ಜಾಗದಲ್ಲಿ ನಿಂತು ನೋಡಿಕೊಳ್ಳಲು ಹಿರಿಯರನ್ನು ಗೊತ್ತುಮಾಡಿದರು. ಅವರಿಗೆಲ್ಲ ಕೆಲಸ ಕಲಿಸಿದವರಲ್ಲಿ ಎಚ್‌ಎಂಟಿಯಿಂದ ಬಂದ ಅನುಭವಿಗಳಿದ್ದರು. ಜಾಲಹಳ್ಳಿಯ ವಿದ್ಯೆ ಹೊಸೂರಿನಲ್ಲಿ ಫಲ ಕೊಟ್ಟಿತು. ಟೈಟನ್ನನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಟೈಟನ್ ಎಡವಲೇ ಇಲ್ಲ ಅಂದುಕೊಳ್ಳಬೇಡಿ. 90ರ ದಶಕದಲ್ಲಿ ಯೂರೋಪಿಗೆ ವಾಚು ಮಾರಲು ಹೋಗಿ ಕೈ ಸುಟ್ಟುಕೊಂಡರು. ವಿದೇಶಿ ವಿನಿಮಯ ಗಳಿಸೋಣವೆಂದು ತನಿಷ್ಕ್ ಒಡವೆಗೆ ಕೈ ಹಾಕಿದರು. ಇಲ್ಲಿ ಮಾರಲು ನೋಡಿದರೆ 18 ಕ್ಯಾರೆಟ್ಟಿನ ಚಿನ್ನ ನಮ್ಮ ಹೆಂಗಸರಿಗೆ ಒಗ್ಗಲೇ ಇಲ್ಲ. ಮಗಳ ಮದುವೆಗೆ ಕಮ್ಮಿ ಚಿನ್ನ ಯಾರು ಒಯ್ಯುತ್ತಾರೆ? ವರ್ಷಗಟ್ಟಲೆ ನಷ್ಟ. ಕೊನೆಗೆ 22 ಕ್ಯಾರೆಟ್ಟಿಗೆ ಬಂದು, ‘ನಿಮ್ಮ ಹಳೇ ಬಳೆ ತನ್ನಿ, ಎಷ್ಟು ಶುದ್ಧ ನೋಡೋಣ’ ಅಂತ ಅಂಗಡಿಯಲ್ಲೇ ಪರೀಕ್ಷೆಯ ಯಂತ್ರ ಇಟ್ಟರು. ಮಾರುಕಟ್ಟೆ ತಿರುಗಿತು. ಇವತ್ತು ಆ ಕಂಪನಿಯ ವಹಿವಾಟಿನಲ್ಲಿ ಬಹುಪಾಲು ಒಡವೆಯದೇ. ವಾಚಿನ ಕಂಪನಿ ಅನ್ನುವ ಅಭಿಮಾನಕ್ಕೆ ಗಂಟುಬಿದ್ದಿದ್ದರೆ, ಮೊಬೈಲ್ ಬಂದ ಮೇಲೆ ಅದರ ಗತಿ ಏನಾಗುತ್ತಿತ್ತೋ!

ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ದೇಸಾಯಿ ತೀರಿಕೊಂಡದ್ದೂ ಅದೇ ವರ್ಷ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಮುಚ್ಚುತ್ತಾರಂತೆ ಅನ್ನುವ ಸುದ್ದಿ ಹಬ್ಬಿದಾಗ, ಅಲ್ಲಿಯತನಕ ತಿರುಗಿಯೂ ನೋಡದ ಜನ ಎಚ್‌ಎಂಟಿಗೆ ಮುಗಿಬಿದ್ದರು. ಇಷ್ಟು ಪ್ರೀತಿ 20 ವರ್ಷ ಮೊದಲೇ ಬಂದಿದ್ದರೆ!

ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ಆನ್‌ಲೈನಿನಲ್ಲಿ ಥಳಥಳ ಹೊಳೆಯುವ ‘ಹಳೆಯ ಜನತಾ’ ಕಂಡರೆ ಮಾತ್ರ ಹುಷಾರು. ಎಷ್ಟೋ ಸಲ ಅದರ ಡಯಲ್ಲೇ ಹೊಸ ಬಣ್ಣದ್ದು, ಒಳಗಿನ ಬಿಡಿಭಾಗ ಹತ್ತು ವಾಚುಗಳದ್ದು. ಅದರ ಬದಲು ನಿಮ್ಮ ತಾತನ ಟ್ರಂಕಿನಲ್ಲಿ ಹುಡುಕಿ. ಸಿಕ್ಕಿದರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಹಳೆಯ ರಿಪೇರಿಯವರ ಹತ್ತಿರ ಒಯ್ದು ತೊಳೆಸಿ, ಒಂದು ಹನಿ ಎಣ್ಣೆ ಹಾಕಿಸಿ. ಡಯಲ್ಲಿಗೆ ಪಾಲಿಶ್ ಮಾತ್ರ ಮಾಡಿಸಬೇಡಿ.