ಸಿ ಭಾಷೆಯಲ್ಲಿ ಬಂಟ್ವಾಳಕ್ಕೆ ಎಷ್ಟು ಜಾಗ?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕನ್ನಡ ಶಾಲೆಗಳಲ್ಲಿ ಓದಿದ ಎಷ್ಟೋ ಮಕ್ಕಳು ಉಜಿರೆ, ಮಿಜಾರಿನ ಎಂಜಿನಿಯರಿಂಗ್ ಕಾಲೇಜುಗಳ ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ಅನೇಕರಿಗೆ ಎದುರಾಗುವ ಮೊದಲ ಗಣಕ ಭಾಷೆ 'ಸಿ'. ಇಂಗ್ಲಿಷ್ ಗಟ್ಟಿ ಇಲ್ಲದವರಿಗೆ ಇದು ಒಗ್ಗದು ಎಂಬ ಅಳುಕು ಮನೆಮನೆಗಳಲ್ಲಿದೆ. ಈ ಅಳುಕಿಗೆ ಆಧಾರವಿಲ್ಲ. 1989ರ ಪ್ರಮಾಣಿತ ಸಿ ಭಾಷೆಯಲ್ಲಿ ಮೀಸಲು ಪದಗಳು ಕೇವಲ 32. ಅರ್ಥ ಮಾಡಿಕೊಳ್ಳಬೇಕಾದದ್ದು ಗಣಕದ ಸ್ಮೃತಿಯನ್ನು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಈ ಭಾಷೆಯನ್ನು ರೂಪಿಸಿದರು. ಮರುವರ್ಷ ಯೂನಿಕ್ಸ್ ವ್ಯವಸ್ಥೆಯನ್ನೇ ಇದರಲ್ಲಿ ಹೊಸದಾಗಿ ಬರೆಯಲಾಯಿತು. ನಿಮ್ಮ ಆಂಡ್ರಾಯ್ಡ್ ಫೋನಿನೊಳಗಿರುವ ಲಿನಕ್ಸ್ ತಿರುಳು ಕೂಡ ಬಹುಪಾಲು ಸಿ.

ಈಗ ಒಂದು ಪ್ರಯೋಗ. ಊರಿನ ಹೆಸರು ಕೇಳುವ ಪುಟ್ಟ ಪ್ರೋಗ್ರಾಂ ಬರೆಯಿರಿ. ಹೆಸರಿಗೆಂದು 20 ಬೈಟುಗಳ ಜಾಗ ಕಾದಿರಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಬಂಟ್ವಾಳವೆಂದರೆ 7 ಬೈಟು. ಹೆಸರು ಮುಗಿಯಿತೆಂದು ತಿಳಿಸುವ ಸೊನ್ನೆಗೆ ಇನ್ನೊಂದು, ಒಟ್ಟು 8. ಕನ್ನಡದಲ್ಲಿ ಬರೆದರೆ? ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಗಣಕದ ಲೆಕ್ಕದಲ್ಲಿ ಬ, ಅನುಸ್ವಾರ, ಟ, ಹಲಂತ, ವ, ದೀರ್ಘ, ಳ ಎಂದು ಏಳು ಸಂಕೇತಗಳು. ಈಗ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಹಾಗಾಗಿ 21, ಸೊನ್ನೆ ಸೇರಿ 22. ಜಾಗ ಎರಡು ಬೈಟು ಸಾಲದಾಯಿತು!

ಸಿ ಭಾಷೆ ಇಲ್ಲಿ ನಿಮ್ಮನ್ನು ತಡೆಯುವುದಿಲ್ಲ. ಬೇಲಿಯಿಲ್ಲದ ತೋಟದಿಂದ ದನ ಪಕ್ಕದವರ ಅಡಿಕೆ ಸಸಿಗೆ ಬಾಯಿ ಹಾಕಿದಂತೆ, ಉಳಿದ ಬೈಟುಗಳು ಪಕ್ಕದ ಸ್ಮೃತಿಗೆ ನುಗ್ಗುತ್ತವೆ. ಕೆಲವೊಮ್ಮೆ ಪ್ರೋಗ್ರಾಂ ಏನೂ ಆಗದಂತೆ ಓಡುತ್ತದೆ. ಅದೇ ಹೆಚ್ಚು ಅಪಾಯ. 1988ರಲ್ಲಿ ಅಂತರಜಾಲದ ಸಾವಿರಾರು ಗಣಕಗಳಿಗೆ ಹಬ್ಬಿದ ಮೋರಿಸ್ ಹುಳು ಹೊಕ್ಕ ದಾರಿಗಳಲ್ಲಿ ಒಂದು ಇಂಥದೇ ಉಕ್ಕು. ಅದಕ್ಕೆ ಎಡೆಕೊಟ್ಟ 'ಗೆಟ್ಸ್' ಎಂಬ ಆದೇಶವನ್ನು 2011ರ ಪ್ರಮಾಣಿತ ರೂಪದಿಂದ ಕೈಬಿಡಲಾಯಿತು. ಹಳೆಯ ನೋಟ್ಸುಗಳಲ್ಲಿ ಅದು ಕಂಡರೆ ಗೀಟು ಹಾಕಿಬಿಡಿ.

ಬದಲಿಗೆ 'ಎಫ್‌ಗೆಟ್ಸ್' ಬಳಸಿ, ಮಿತಿ ಇಂತಿಷ್ಟೆಂದು ಹೇಳಿ. ಆದರೆ 20 ಎಂದರೆ ಅದು ಓದುವುದು 19 ಬೈಟು ಮಾತ್ರ: 'ಬಂಟ್ವಾ' ಬಂದು, 'ಳ'ಕಾರದ ಮೂರನೇ ಒಂದು ಭಾಗ ತುಂಡಾಗಿ ಉಳಿಯುತ್ತದೆ. (ತೆರೆಯ ಮೇಲೆ ಹೆಸರು ಮೂಡಿಸುವ ನಮ್ಮಂಥವರಿಗೆ ಇದರ ಕಿರಿಕಿರಿ ಚೆನ್ನಾಗಿ ಗೊತ್ತು.) ಧಾರಾಳವಾಗಿ 64 ಬೈಟು ಕೊಡಿ.

ಡಾಸ್ ಕಾಲದ ಟರ್ಬೊ ಸಿ ನಿಮಗೆ ಬೇಡ. ಜಿಸಿಸಿ ಉಚಿತವಾಗಿ ಸಿಗುತ್ತದೆ. ಎಚ್ಚರಿಕೆಗಳನ್ನೆಲ್ಲ ತೋರಿಸುವಂತೆ ಅದಕ್ಕೆ ಹೇಳಿ. ಅದರಲ್ಲಿರುವ ಅಡ್ರೆಸ್ ಸ್ಯಾನಿಟೈಸರ್ ಸೌಲಭ್ಯವನ್ನೂ ಚಾಲೂ ಮಾಡಿದರೆ, ಓಡುವಾಗ ಇಂಥ ಉಕ್ಕು ಸಂಭವಿಸಿದ ಸಾಲನ್ನು ಸಾಮಾನ್ಯವಾಗಿ ಬೊಟ್ಟುಮಾಡಿ ತೋರಿಸುತ್ತದೆ.

ಮೂಡುಬಿದಿರೆಗೆ ಹತ್ತು ಸಂಕೇತ, ಸೊನ್ನೆ ಸೇರಿ 31 ಬೈಟು. ಬೆಳ್ತಂಗಡಿಯನ್ನು ಮೊದಲು ಕಾಗದದ ಮೇಲೆ ಎಣಿಸಿ, ಆಮೇಲೆ ಗಣಕವನ್ನು ಕೇಳಿ.